ಹೈ-ರೆಸ್ ಫೈಲು ಹಾಕಿದರೂ ವ್ಯತ್ಯಾಸ ಕೇಳಿಸುತ್ತಿಲ್ಲ, 60 ಸಾವಿರದ ಡ್ಯಾಕ್ ಬೇಕಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಕಾಫಿ ತೋಟ, ಹಳೇ ಹೆಂಚಿನ ಮನೆ. ಹಾಲ್‌ನಲ್ಲಿ ಇಪ್ಪತ್ತು ವರ್ಷ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇವೆ. ಮಗ 24 ಬಿಟ್, 192 ಕಿಲೋಹರ್ಟ್ಜ್‌ನ ಹೈ-ರೆಸ್ (ಸಿ.ಡಿ.ಗಿಂತ ಹೆಚ್ಚು ವಿವರ ಇಟ್ಟುಕೊಳ್ಳುವ) ಫ್ಲ್ಯಾಕ್ ಹಾಡಿನ ಫೈಲುಗಳನ್ನು ಹಾರ್ಡ್‌ಡಿಸ್ಕ್ ತುಂಬಾ ತಂದುಕೊಟ್ಟಿದ್ದಾನೆ. ಫೋನಿಗೆ ಹಾಕಿಕೊಂಡು, ಆಂಪ್ಲಿಫೈಯರಿಗೆ ಸಿಕ್ಕಿಸಿದ ಬ್ಲೂಟೂತ್ ಡಬ್ಬಿಯಿಂದ ಕೇಳುತ್ತೇನೆ. ನಿಜ ಹೇಳಬೇಕು ಅಂದ್ರೆ ನನ್ನ ಸಿ.ಡಿ.ಗಳಿಗಿಂತ ಏನೂ ಹೆಚ್ಚು ಅನಿಸುತ್ತಿಲ್ಲ. 60 ಸಾವಿರದ ಡ್ಯಾಕ್ (ಫೈಲಿನ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಯಂತ್ರ) ಹಾಕಿಸಿ, ಆಗ ಗೊತ್ತಾಗುತ್ತೆ ಅಂತಾರೆ ಅಂಗಡಿಯವರು. ಹಾಕಿಸಲಾ? ಇನ್ನೊಂದು. ಅಪ್ಪ ರೆಕಾರ್ಡ್ ಮಾಡಿಟ್ಟ ದುಡಿಕೊಟ್ಟ್ ಪಾಟ್ (ದುಡಿ ಬಡಿದು ಹಾಡುವ ಕೊಡವ ಹಾಡು) ಕ್ಯಾಸೆಟ್‌ಗಳಿವೆ. ಅವನ್ನೂ 192ರಲ್ಲೇ ಫೈಲು ಮಾಡಿಸಬೇಕಾ? ನನಗೆ 54 ವರ್ಷ.

ಉತ್ತರ: ಡ್ಯಾಕ್ ಈಗ ಬೇಡ. ಆ ದುಡ್ಡು ಕೈಯಲ್ಲೇ ಇರಲಿ. ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಫೈಲು ಹೈ-ರೆಸ್ ಇರಬಹುದು, ಆದರೆ ನಿಮ್ಮ ಸ್ಪೀಕರಿನವರೆಗೆ ಅದು ಬರುತ್ತಲೇ ಇಲ್ಲ.

ಲೆಕ್ಕ ನೋಡಿ. ಇಲ್ಲಿ ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದಿದ್ದಾರೆ ಅಂತ, ಬಿಟ್ ಅಂದರೆ ಒಂದೊಂದು ಅಳತೆಯನ್ನು ಎಷ್ಟು ಅಂಕಿಯಲ್ಲಿ ಬರೆದಿದ್ದಾರೆ ಅಂತ. 24 ಬಿಟ್, 192 ಕಿಲೋಹರ್ಟ್ಜ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 9,216 ಕಿಲೋಬಿಟ್. ಸಿ.ಡಿ. 16 ಬಿಟ್, 44.1 ಕಿಲೋಹರ್ಟ್ಜ್. ಅದು 1,411 ಕಿಲೋಬಿಟ್. ಬ್ಲೂಟೂತ್ ಇರುವ ಎಲ್ಲ ಆಡಿಯೋ ಡಬ್ಬಿಗಳಲ್ಲೂ ಇರುವ ಎಸ್‌ಬಿಸಿ ಕೋಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ಸಾಮಾನ್ಯವಾಗಿ 328 ಕಿಲೋಬಿಟ್ ಹತ್ತಿರ ನಿಲ್ಲುತ್ತದೆ. ಫೋನು, ರಿಸೀವರ್ ಎರಡರಲ್ಲೂ ಎಲ್‌ಡ್ಯಾಕ್ (ಇದು ಡ್ಯಾಕ್ ಅಲ್ಲ, ಇನ್ನೊಂದು ಕೋಡೆಕ್) ಇದ್ದರೂ 990 ದಾಟುವುದಿಲ್ಲ. ಅಂದರೆ ನಿಮ್ಮ ಹೈ-ರೆಸ್ ಫೈಲನ್ನು ಫೋನು ಮೊದಲು ಕುಗ್ಗಿಸುತ್ತದೆ, ಆಮೇಲೆ ಗಾಳಿಯಲ್ಲಿ ಕಳಿಸುತ್ತದೆ. ಅದೇ ಹಾಲ್‌ನಲ್ಲಿ ಸಿ.ಡಿ. ಪ್ಲೇಯರ್ ಮಾತ್ರ ವೈರಿನಲ್ಲಿ ಪೂರ್ತಿ ಸಿಗ್ನಲ್ ಕೊಡುತ್ತಿದೆ. ಈ ಹೋಲಿಕೆಯಲ್ಲಿ ಸಿ.ಡಿ. ಸೋಲದೇ ಇರುವುದು ಸಹಜ ಅಲ್ವಾ?

ಹಾಗಾಗಿ ಮೊದಲ ಕೆಲಸ ವೈರು. ಫೋನಿನ ಟೈಪ್-ಸಿ ತೂತಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಡ್ಯಾಕ್‌ಗಳು ಬರುತ್ತವೆ. ಎರಡು ಮೂರು ಸಾವಿರಕ್ಕೆ ಚೆನ್ನಾಗಿರೋದು ಸಿಗುತ್ತದೆ. ಅದರಿಂದ ಆಂಪ್ಲಿಫೈಯರಿಗೆ ಒಂದು ಕಡೆ 3.5 ಎಂ.ಎಂ., ಇನ್ನೊಂದು ಕಡೆ ಕೆಂಪು-ಬಿಳಿ ಆರ್‌ಸಿಎ ಪಿನ್ ಇರುವ ಕೇಬಲ್. ಹಿಂದುಗಡೆ ಆಕ್ಸ್ ಅಥವಾ ಸಿ.ಡಿ. ಅಂತ ಬರೆದ ಕಡೆ ಹಾಕಿ. ಫೋನೋ ಅಂತ ಬರೆದ ಕಡೆ ಮಾತ್ರ ಹಾಕಲೇಬೇಡಿ. ಅದು ಎಲ್.ಪಿ. ಪ್ಲೇಯರಿಗೆ ಇರುವ ಜಾಗ. ಅಲ್ಲಿ ಸಿಗ್ನಲ್ ವಿಪರೀತ ದೊಡ್ಡದಾಗಿ, ಸದ್ದು ಒಡೆದು ಬರುತ್ತದೆ.

ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಎಲ್ಲ ಸದ್ದನ್ನೂ 48 ಕಿಲೋಹರ್ಟ್ಜ್‌ಗೆ ಬದಲಾಯಿಸಿ ಹೊರಗೆ ಬಿಡುತ್ತವೆ. ಅದನ್ನು ತಪ್ಪಿಸಿ ಡ್ಯಾಕ್ ಜೊತೆ ನೇರವಾಗಿ ಮಾತಾಡುವ ಆಪ್‌ಗಳಿವೆ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಅಂಥದ್ದು. ಐಫೋನಿನಲ್ಲೂ 48ಕ್ಕಿಂತ ಮೇಲೆ ಬೇಕಿದ್ದರೆ ಹೊರಗಿನ ಡ್ಯಾಕ್ ಬೇಕೇ ಬೇಕು. ಲ್ಯಾಪ್‌ಟಾಪ್ ಇದ್ದರೆ ಇನ್ನೂ ಸುಲಭ. ಫೂಬಾರ್2000 ಉಚಿತ ಪ್ಲೇಯರ್, ವಾಸಾಪಿ ಎಕ್ಸ್‌ಕ್ಲೂಸಿವ್ ಎಂಬ ಆಯ್ಕೆ ಹಾಕಿದರೆ ಫೈಲು ಇದ್ದ ಹಾಗೇ ಡ್ಯಾಕ್‌ಗೆ ಹೋಗುತ್ತದೆ.

ಇಷ್ಟು ಮಾಡಿದ ಮೇಲೆ ಮತ್ತೆ ಕೇಳಿ. ಬ್ಲೂಟೂತ್ ಡಬ್ಬಿ ಅಗ್ಗದ್ದಾಗಿದ್ದರೆ ತಾಳದ ಸದ್ದು, ತಂಬೂರದ ನಾದ ಸ್ವಲ್ಪ ಬಿಡಿಸಿದಂತೆ ಕೇಳಬಹುದು. ಆದರೆ 192ರ ಫೈಲಿಗೂ ಸಿ.ಡಿ.ಗೂ ದೊಡ್ಡ ಅಂತರ ಆಗಲೂ ಸಿಗಲಿಕ್ಕಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಮುಂದೆ ಯಾರೂ ನಿಮಗೆ ಸುಮ್ನೆ ಏನನ್ನೂ ಮಾರಲಾರರು.

ಜಾಹೀರಾತುಗಳಲ್ಲಿ ಒಂದು ಚಿತ್ರ ನೋಡಿರುತ್ತೀರಿ. ಸಿ.ಡಿ. ಅಂದರೆ ಮೆಟ್ಟಿಲು ಮೆಟ್ಟಿಲಾದ ಗೆರೆ, ಹೈ-ರೆಸ್ ಅಂದರೆ ನುಣುಪಾದ ಗೆರೆ. ಆ ಚಿತ್ರ ತಪ್ಪು. ಡ್ಯಾಕ್‌ನಿಂದ ಮೆಟ್ಟಿಲು ಹೊರಗೆ ಬರುವುದಿಲ್ಲ. ಅದರೊಳಗಿನ ಫಿಲ್ಟರ್, ಅಳೆದಿಟ್ಟ ಚುಕ್ಕಿಗಳನ್ನು ಸೇರಿಸಿ ಮೂಲ ಅಲೆಯನ್ನೇ ಮತ್ತೆ ಕಟ್ಟುತ್ತದೆ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ಬುನಾದಿ ಹಾಕಿದರು, ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದಿಂದ ಗಟ್ಟಿ ಮಾಡಿದರು. ಒಂದು ಸದ್ದನ್ನು ಪೂರ್ತಿ ಹಿಡಿಯಲು ಅದರ ಆವರ್ತನದ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆದರೆ ಸಾಕು. ಸಿ.ಡಿ. ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಹಾಗಾಗಿ 22 ಕಿಲೋಹರ್ಟ್ಜ್‌ವರೆಗಿನ (ಸೆಕೆಂಡಿಗೆ 22 ಸಾವಿರ ಕಂಪನದವರೆಗಿನ) ಸದ್ದೆಲ್ಲವೂ ಅದರಲ್ಲಿದೆ. ಚಿಕ್ಕ ಮಕ್ಕಳ ಕಿವಿಗೇ 20 ಕಿಲೋಹರ್ಟ್ಜ್ ಕೊನೆ. ಐವತ್ತು ದಾಟಿದವರಿಗೆ ಸಾಮಾನ್ಯವಾಗಿ 12ರಿಂದ 14ರ ಹತ್ತಿರ ನಿಲ್ಲುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಹೀಗೇ. ಹಾಡಿನ ಜೀವ ಇರುವುದು ಅದಕ್ಕಿಂತ ಬಹಳ ಕೆಳಗೆ. ಮಡಿಕೇರಿ ಆಕಾಶವಾಣಿಯ ಎಫ್.ಎಂ. ಅನ್ನೇ ತಗೊಳ್ಳಿ. ಎಫ್.ಎಂ. ಪದ್ಧತಿಯಲ್ಲಿ 15 ಕಿಲೋಹರ್ಟ್ಜ್ ಮೇಲಿನ ಸದ್ದನ್ನು ಕಳಿಸುವುದೇ ಇಲ್ಲ. ಆದರೂ ಸ್ಟುಡಿಯೋದಲ್ಲಿ ಶ್ರದ್ಧೆಯಿಂದ ಮಾಡಿದ ಒಂದು ಹಾಡು ರೇಡಿಯೋದಲ್ಲಿ ಬಂದಾಗ ಕೆಲಸ ಬಿಟ್ಟು ನಿಂತು ಕೇಳುತ್ತೇವೆ.

192 ಕಿಲೋಹರ್ಟ್ಜ್ ಫೈಲು 96 ಕಿಲೋಹರ್ಟ್ಜ್‌ವರೆಗಿನ ಸದ್ದನ್ನು ಇಟ್ಟುಕೊಳ್ಳಬಲ್ಲದು. ಬಾವಲಿಗೆ ಕೇಳುವ ಸದ್ದು ಅದು. ನಿಮ್ಮ ಸ್ಪೀಕರಿನ ಟ್ವೀಟರ್ (ಚೂಪು ಸದ್ದಿಗಾಗಿ ಇರುವ ಪುಟ್ಟ ಸ್ಪೀಕರ್) ಅದನ್ನು ಹೊರಡಿಸುವುದೂ ಅನುಮಾನವೇ. 1980ರ ದಶಕದ ಮೊದಲ ಸಿ.ಡಿ. ಪ್ಲೇಯರುಗಳಲ್ಲಿ ಫಿಲ್ಟರ್‌ಗಳು ಒರಟಾಗಿದ್ದವು, ಆಗ ದೂರು ಇದ್ದದ್ದು ನಿಜ. ಈಗಿನ ಅಗ್ಗದ ಡ್ಯಾಕ್ ಕೂಡ ಒಳಗೇ ಚುಕ್ಕಿಗಳ ಸಂಖ್ಯೆಯನ್ನು ಹಲವು ಪಟ್ಟು ಏರಿಸಿಕೊಂಡು ಆ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಇನ್ನು ಬಿಟ್. ಇದು ನಮ್ಮ ಕೊಡಗಿನ ಮನೆಗಳಿಗೆ ತುಂಬಾ ಸಂಬಂಧಪಟ್ಟ ವಿಷಯ. ಬಿಟ್ ಜಾಸ್ತಿಯಾದರೆ ಸ್ವರ ಸೊಗಸಾಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಬಿಟ್ ಹೇಳುವುದು ಒಂದನ್ನೇ, ಅತಿ ಮೆಲು ಸದ್ದಿಗೂ ಅತಿ ಜೋರು ಸದ್ದಿಗೂ ನಡುವೆ ಎಷ್ಟು ಜಾಗ ಇದೆ ಅಂತ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. 16 ಬಿಟ್‌ಗೆ 96. 24 ಬಿಟ್‌ಗೆ 144. ಈ 144 ಕಾಗದದ ಮೇಲಿನ ಲೆಕ್ಕ. ಎಷ್ಟೇ ದುಡ್ಡು ಕೊಟ್ಟರೂ ಒಳ್ಳೆಯ ಡ್ಯಾಕ್‌ಗಳು 120-130ರ ಆಸುಪಾಸಿನಲ್ಲೇ ಇರುತ್ತವೆ.

ಈಗ ನಿಮ್ಮ ಹಾಲ್‌ಗೆ ಬನ್ನಿ. ಬೇಸಿಗೆಯ ರಾತ್ರಿ, ತೋಟದ ನಡುವಿನ ಮನೆ, ಫ್ಯಾನ್ ಇಲ್ಲ. ಆಗಲೂ ಕೋಣೆಯಲ್ಲಿ 25ರಿಂದ 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಜೀರುಂಡೆ ಕೂಗಿದರೆ ಇನ್ನೂ ಜಾಸ್ತಿ. ಅದರ ಮೇಲೆ 16 ಬಿಟ್‌ನ 96 ಡೆಸಿಬೆಲ್ ಪೂರ್ತಿ ಸಿಗಬೇಕು ಅಂದರೆ ಹಾಡಿನ ಜೋರು ಭಾಗ 120 ದಾಟಬೇಕು. ಅಷ್ಟಕ್ಕೆ ಕಿವಿ ನೋಯುತ್ತದೆ. ಸಿ.ಡಿ. ಕೊಡುವ ಜಾಗವೇ ನಿಮ್ಮ ಮನೆಯಲ್ಲಿ ಖಾಲಿ ಉಳಿಯುತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಾಡಂತೂ ಹೇಳುವುದೇ ಬೇಡ. ಜಡಿಮಳೆ ಹೆಂಚಿನ ಮೇಲೆ ಬೀಳುವಾಗ, ಅದೂ ಅಂಗಳದ ಕಡೆ ಶೀಟ್ ಹಾಕಿದ್ದರೆ, ಎದುರಿಗೆ ಕೂತವರ ಮಾತೇ ಸರಿಯಾಗಿ ಕೇಳುವುದಿಲ್ಲ. ಮಾತಿನ ಸದ್ದು ಸುಮಾರು 60 ಡೆಸಿಬೆಲ್. ಅಂದರೆ ಹಾಡಿನಲ್ಲಿ 60ಕ್ಕಿಂತ ಮೆಲ್ಲಗಿರುವುದೆಲ್ಲ ಮಳೆಯಲ್ಲಿ ಮುಳುಗಿತು. 90ರವರೆಗೆ ಜೋರು ಮಾಡಿ ಕೇಳಿದರೂ ನಿಮಗೆ ದಕ್ಕಿದ್ದು 30 ಡೆಸಿಬೆಲ್ ಜಾಗ. ಅಷ್ಟಕ್ಕೆ 5 ಬಿಟ್ ಸಾಕು. ಮೊದಲು ಆ ಶೀಟ್ ಮೇಲೆ ಏನಾದರೂ ಹೊದಿಸಿ ಸದ್ದು ತಗ್ಗಿಸಿ. ಇಲ್ಲವೇ ಕೇಳುವ ಕೋಣೆಗೆ ಮರದ ಮುಚ್ಚಿಗೆ ಹಾಕಿಸಿ, ಕಿಟಕಿ ಸಂದುಗಳಿಗೆ ರಬ್ಬರ್ ಪಟ್ಟಿ ಬಡಿಸಿ. ಯಾವ ಡ್ಯಾಕ್ ಕೂಡ ಕೊಡದಷ್ಟು ಬಿಟ್‌ಗಳು ಇದರಿಂದ ಸಿಗುತ್ತವೆ.

ಇದು ನನ್ನೊಬ್ಬನ ಅಭಿಪ್ರಾಯ ಅಂದುಕೊಳ್ಳಬೇಡಿ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ಡಿಸ್ಕ್ ಹಾಕಿ, ಅದರ ಸಿಗ್ನಲನ್ನು ಗುಟ್ಟಾಗಿ ಸಿ.ಡಿ. ಮಟ್ಟಕ್ಕೆ ಇಳಿಸಿ, ಯಾವುದು ಯಾವುದು ಗುರುತಿಸಿ ಅಂತ ಕೇಳಿದರು. 554 ಸಲದಲ್ಲಿ 276 ಸಲ ಸರಿ ಉತ್ತರ ಬಂತು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದರು. ಒಟ್ಟಾರೆ 52.3 ಶೇಕಡಾ ಸರಿ. ಮೊದಲೇ ತರಬೇತಿ ಕೊಟ್ಟವರಲ್ಲಿ ಅದು 60ರ ಹತ್ತಿರ ಹೋಯಿತು. ಹಾಗಾಗಿ ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದರೆ ಅದು ಅಷ್ಟು ಚಿಕ್ಕದು. ಅದನ್ನು ಹಿಡಿಯಲು ಸದ್ದಿಲ್ಲದ ಕೋಣೆ, ಒಳ್ಳೆಯ ಸ್ಪೀಕರ್, ಪಳಗಿದ ಕಿವಿ ಮೂರೂ ಬೇಕು.

ನೀವೇ ಪರೀಕ್ಷೆ ಮಾಡಬಹುದು. ಫೂಬಾರ್2000ಕ್ಕೆ ಎಬಿಎಕ್ಸ್ ಎಂಬ ಜೋಡಣೆ ಸಿಗುತ್ತದೆ. ಮಗನಿಗೆ ಹೇಳಿ ಒಂದು 24/192 ಫೈಲಿನಿಂದಲೇ 16/44.1 ಪ್ರತಿ ಮಾಡಿಸಿ. ಅದೇ ಫೈಲಿನಿಂದ ಮಾಡಿಸುವುದು ಮುಖ್ಯ, ನಿಮ್ಮ ಹಳೇ ಸಿ.ಡಿ. ಜೊತೆ ಹೋಲಿಸಬೇಡಿ. ಯಾವ ಫೈಲು ಯಾವುದು ಅಂತ ತೋರಿಸದೆ ಪ್ಲೇಯರೇ ಎರಡನ್ನೂ ಕೇಳಿಸುತ್ತದೆ. 16 ಸಲದಲ್ಲಿ 12 ಸಲವಾದರೂ ಸರಿಯಾಗಿ ಹೇಳಿದರೆ ನಿಮಗೆ ನಿಜಕ್ಕೂ ಕೇಳಿಸುತ್ತಿದೆ ಅಂತ ನಂಬಬಹುದು. ವಾಲ್ಯೂಮ್ ಎರಡಕ್ಕೂ ಒಂದೇ ಇರಬೇಕು. ಅರ್ಧ ಡೆಸಿಬೆಲ್ ಜೋರಾಗಿರುವುದು ನಮಗೆ ಜೋರು ಅಂತ ತಿಳಿಯುವುದಿಲ್ಲ, ಚೆನ್ನಾಗಿದೆ ಅಂತ ಅನಿಸುತ್ತದೆ. ಅಂಗಡಿಯಲ್ಲಿ ದುಬಾರಿ ಡ್ಯಾಕ್ ಗೆಲ್ಲುವುದು ಎಷ್ಟೋ ಸಲ ಹೀಗೆ.

ಹಾಗಾದರೆ ಕೆಲವು ಹೈ-ರೆಸ್ ಆಲ್ಬಮ್‌ಗಳು ಸಿ.ಡಿ.ಗಿಂತ ಎದ್ದು ಕಾಣುವುದು ಯಾಕೆ? ಇದು ಭ್ರಮೆಯಲ್ಲ. ಅಲ್ಲಿ ಬದಲಾಗಿರುವುದು ಮಾಸ್ಟರಿಂಗ್, ಅಂದರೆ ರೆಕಾರ್ಡಿಂಗನ್ನು ಬಿಡುಗಡೆಗೆ ಮೊದಲು ಕೊನೆಯದಾಗಿ ತಿದ್ದಿ ಹದ ಮಾಡುವ ಕೆಲಸ. 1990ರ ದಶಕದಿಂದ ಸಿ.ಡಿ.ಗಳನ್ನು ಜೋರು ಮಾಡುವ ಪೈಪೋಟಿ ನಡೆಯಿತು. ಮೆಲು ಭಾಗವನ್ನು ಎತ್ತಿ, ಜೋರು ಭಾಗವನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ಮೃದಂಗದ ಒಂದು ಪೆಟ್ಟು, ದುಡಿಯ ಒಂದು ಬಡಿತ ಥಟ್ಟನೆ ಎದ್ದು ಬರಬೇಕಾದ ಕಡೆ ಚಪ್ಪಟೆಯಾಯಿತು. ಹೈ-ರೆಸ್ ಕೊಳ್ಳುವವರಿಗಾಗಿ ಮತ್ತೆ ಮಾಸ್ಟರ್ ಮಾಡುವಾಗ ಕೆಲವರು ಆ ಒತ್ತುವಿಕೆಯನ್ನು ಬಿಟ್ಟಿದ್ದಾರೆ. ಆ ಉಸಿರಾಟ ನಿಮಗೆ ಕೇಳಿಸುತ್ತದೆ. ಅದೇ ಮಾಸ್ಟರನ್ನು ಸಿ.ಡಿ. ಮಟ್ಟಕ್ಕೆ ಇಳಿಸಿದರೂ ಉಸಿರಾಟ ಹಾಗೇ ಇರುತ್ತದೆ. ಹಾಗಾಗಿ ಹೈ-ರೆಸ್ ಕೊಳ್ಳುವುದಾದರೆ ಮಾಸ್ಟರಿಗಾಗಿ ಕೊಳ್ಳಿ, ಅಂಕಿಗಾಗಿ ಬೇಡ. ಇದಕ್ಕೆ ವಿರುದ್ಧವೂ ಉಂಟು. ಮೊದಲ ಕಾಲದ ಒಂದು ಸಿ.ಡಿ., ಈಚಿನ 24 ಬಿಟ್ ಫೈಲಿಗಿಂತ ಚೆನ್ನಾಗಿರುವುದೂ ಉಂಟು. ನಿಮ್ಮ ಹಳೇ ಸಿ.ಡಿ.ಗಳನ್ನು ಯಾರಿಗೂ ಕೊಡಬೇಡಿ.

ಹಳೇ ಕನ್ನಡ ಸಿನಿಮಾ ಹಾಡುಗಳ 24/192 ಫೈಲುಗಳೂ ನಿಮ್ಮ ಡಿಸ್ಕ್‌ನಲ್ಲಿ ಇರಬಹುದು. 1960, 70ರ ಹಾಡುಗಳು ಟೇಪಿನ ಕಾಲದವು, ಹೆಚ್ಚಿನವು ಮೋನೋ. ಆ ಕಾಲದ ಟೇಪಿನ ಮೆಲು-ಜೋರಿನ ಅಂತರ ಸುಮಾರು 60-70 ಡೆಸಿಬೆಲ್. ಸೇರು ಅಕ್ಕಿಯನ್ನು ಕೊಪ್ಪರಿಗೆಗೆ ಸುರಿದರೆ ಅಕ್ಕಿ ಜಾಸ್ತಿ ಆಗುತ್ತಾ? ಮೂಲ ಟೇಪನ್ನು ಹುಡುಕಿ, ಒಳ್ಳೆಯ ಯಂತ್ರದಲ್ಲಿ ಹಾಕಿ, ಜಾಣತನದಿಂದ ವರ್ಗಾಯಿಸಿದ್ದರೆ ಸಿ.ಡಿ. ಮಟ್ಟದಲ್ಲೂ ಅದು ಅದ್ಭುತವಾಗಿರುತ್ತದೆ. ಸವೆದ ಎಲ್.ಪಿ.ಯಿಂದ ಎತ್ತಿದ್ದರೆ 192 ಕೂಡ ಆ ಕರಕರ ಸದ್ದನ್ನೇ ಚೆನ್ನಾಗಿ ತೋರಿಸುತ್ತದೆ. ಇನ್ನು ಮೋಸದ ಫೈಲುಗಳೂ ಇವೆ. ಸಿ.ಡಿ.ಯನ್ನೇ, ಕೆಲವು ಸಲ ಎಂಪಿ3ಯನ್ನೇ, 192 ಅಂತ ಬದಲಾಯಿಸಿ ಹಂಚುತ್ತಾರೆ. ಸ್ಪೆಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಫೈಲು ತೆರೆದು ನೋಡಿ. ಚಿತ್ರ 22 ಕಿಲೋಹರ್ಟ್ಜ್ ಹತ್ತಿರ ಕತ್ತರಿಸಿದಂತೆ ನಿಂತಿದ್ದರೆ ಅದು ಸಿ.ಡಿ.ಯಿಂದ ಬಂದದ್ದು. 16ರ ಹತ್ತಿರ ನಿಂತಿದ್ದರೆ ಎಂಪಿ3ಯಿಂದ ಬಂದಿರುವ ಸಾಧ್ಯತೆ ಹೆಚ್ಚು.

ಡಿಎಸ್‌ಡಿ ಬಗ್ಗೆ ಮಗ ಹೇಳಿರಬಹುದು. 1999ರಲ್ಲಿ ಸೋನಿ, ಫಿಲಿಪ್ಸ್ ತಂದ ಸೂಪರ್ ಆಡಿಯೋ ಸಿ.ಡಿ.ಯ ಪದ್ಧತಿ ಅದು. ಒಂದೇ ಬಿಟ್, ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ. ಚೆನ್ನಾಗಿದೆ, ಆದರೆ ನಿಮಗೆ ಅದರ ಅಗತ್ಯ ಇಲ್ಲ. ಎಂಕ್ಯೂಎ (ಹೈ-ರೆಸ್ ಸದ್ದನ್ನು ಕುಗ್ಗಿಸುವ ಒಂದು ಕಂಪನಿಯ ಪದ್ಧತಿ) ಅಂತ ಬರೆದ ಡ್ಯಾಕ್‌ಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಆ ಕಂಪನಿ 2023ರಲ್ಲೇ ದಿವಾಳಿಯ ಅಂಚಿಗೆ ಹೋಯಿತು.

ಫ್ಲ್ಯಾಕ್ ಮಾತ್ರ ಕಣ್ಣುಮುಚ್ಚಿ ನಂಬಿ. 2001ರಿಂದ ಇದೆ, ಉಚಿತ. ಒಂದು ಬಿಟ್ ಕೂಡ ಕಳೆದುಕೊಳ್ಳದೆ ಫೈಲನ್ನು ಚಿಕ್ಕದು ಮಾಡುತ್ತದೆ. ತೋಟದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಸಿ.ಡಿ. ಮಟ್ಟದ ಫ್ಲ್ಯಾಕ್ ಒಂದು ಗಂಟೆಗೆ ಸುಮಾರು 400 ಎಂ.ಬಿ. ಹಿಡಿಯುತ್ತದೆ. 24/192 ಆದರೆ 2 ಜಿ.ಬಿ. ದಾಟುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕೇಳುವುದಿದ್ದರೆ ಸಿ.ಡಿ. ಮಟ್ಟದ ಲಾಸ್‌ಲೆಸ್ ಆಯ್ಕೆ ಇಟ್ಟು, ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬನ್ನಿ.

ಈಗ ನಾನು ನಿಜಕ್ಕೂ ಹೇಳಬೇಕೆಂದಿರುವ ವಿಷಯ, ಸ್ಪೀಕರ್ ಮತ್ತು ಕೋಣೆ. ಸಾಧಾರಣ ಡ್ಯಾಕ್ ಕೂಡ ಕೇಳುವ ಆವರ್ತನಗಳನ್ನು ಹೆಚ್ಚು ಕಮ್ಮಿ ಸಮನಾಗಿ ಕೊಡುತ್ತದೆ. ಸ್ಪೀಕರಿನಲ್ಲಿ 3 ಡೆಸಿಬೆಲ್ ಏರಿಳಿತ ಇದ್ದರೆ ಒಳ್ಳೆಯದು ಅನ್ನುತ್ತೇವೆ. ಅದನ್ನು ಕೋಣೆಯಲ್ಲಿ ಇಟ್ಟ ಮೇಲೆ ಬೇಸ್‌ನಲ್ಲಿ 10 ಡೆಸಿಬೆಲ್ ಏರಿಳಿತ ಸಾಮಾನ್ಯ. ನಮ್ಮ ಕಡೆಯ ಹಳೇ ಹಾಲ್‌ಗಳು ನೋಡಲು ಎಷ್ಟು ಚೆಂದ! ಕೆಂಪು ಗಾರೆ ನೆಲ, ದಪ್ಪ ಗೋಡೆ, ಗಾಜಿನ ಕಿಟಕಿ. ಆದರೆ ಇವೆಲ್ಲ ಸದ್ದನ್ನು ವಾಪಸ್ ಎಸೆಯುತ್ತವೆ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್‍ರ್ ಅಂತ ಬಾಲ ಬಂದರೆ ಆ ಬಾಲ ಪ್ರತಿ ಸ್ವರಕ್ಕೂ ಅಂಟಿಕೊಳ್ಳುತ್ತಿದೆ. ಮರದ ಮುಚ್ಚಿಗೆ ಇದ್ದರೆ ಅದೃಷ್ಟ, ಅದು ಸ್ವಲ್ಪ ಬೇಸ್ ಹೀರುತ್ತದೆ. ಗೋಡೆ ಬದಿಗೆ ಪುಸ್ತಕ ತುಂಬಿದ ತೆರೆದ ಕಪಾಟು ಇಡಿ. ಬಟ್ಟೆಯ ಸೋಫಾ ಒಳ್ಳೆಯದು. ದಪ್ಪ ಜಮಖಾನೆ ಹಾಸಿದರೆ ತುಂಬಾ ಸಹಾಯ. ಮಳೆಗಾಲದಲ್ಲಿ ಅದು ಬೂಷ್ಟು ಹಿಡಿಯುತ್ತದೆ ಅನ್ನುವ ಭಯ ನಿಮಗಿದ್ದೇ ಇರುತ್ತದೆ. ಒಗೆದು ಒಣಗಿಸಲು ಆಗುವಂಥ ಹತ್ತಿಯ ಜಮಖಾನೆಗಳನ್ನು ಎರಡು ಮೂರು ಪದರ ಹಾಸಿ, ಜೂನ್‌ನಲ್ಲಿ ಎತ್ತಿಡಿ.

ಸ್ಪೀಕರನ್ನು ಶೋಕೇಸಿನೊಳಗೆ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಸ್ಟ್ಯಾಂಡ್ ಅಥವಾ ಗಟ್ಟಿ ಸ್ಟೂಲ್ ಮೇಲೆ, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವ ಹಾಗೆ ಇಡಿ. ಹಿಂದಿನ ಗೋಡೆಯಿಂದ ಒಂದೆರಡು ಅಡಿ ಮುಂದೆ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ನಿಮ್ಮ ಕುರ್ಚಿಗೂ ಅಷ್ಟೇ ದೂರ. ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಕುರ್ಚಿ ಹಿಂದಿನ ಗೋಡೆಗೆ ಒರಗಿರಬಾರದು. 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಜ್ ಹತ್ತಿರ ಅಲೆ ನಿಂತುಬಿಡುತ್ತದೆ. ಗೋಡೆ ಪಕ್ಕ ಆ ಸ್ವರ ಗುಂಯ್ ಅನ್ನುತ್ತದೆ, ಕೋಣೆಯ ಸರಿ ನಡುವೆ ಮಾಯವಾಗುತ್ತದೆ. ಅರ್ಧ ಅಡಿ ಆಚೀಚೆ ಕುರ್ಚಿ ಸರಿಸಿ ಕೇಳುತ್ತಾ ಹೋಗಿ. ಹಾಡುವವರು ಎರಡು ಸ್ಪೀಕರಿನ ನಡುವೆ ಎದುರಿಗೆ ನಿಂತಂತೆ ಕೇಳಿದಾಗ ಜಾಗ ಸರಿಯಾಯಿತು ಅಂತ ಅರ್ಥ. ಇದಕ್ಕೆ ಕಾಸು ಖರ್ಚಿಲ್ಲ. ಇದು ಕೊಡುವ ಬದಲಾವಣೆ 16ರಿಂದ 24 ಬಿಟ್‌ಗೆ ಹೋದಾಗ ಸಿಗುವುದಿಲ್ಲ, ಖಂಡಿತ ಹೇಳುತ್ತೇನೆ.

ಸ್ಪೀಕರಿನ ಮುಂದಿನ ಬಟ್ಟೆ ತೆಗೆದು, ಕೋನ್ ಸುತ್ತಲಿನ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಅಂಚು ವರ್ಷಗಳಲ್ಲಿ ಪುಡಿಯಾಗುತ್ತದೆ, ತೇವದ ಹವೆ ಅದನ್ನು ಇನ್ನೂ ಬೇಗ ಹಾಳುಮಾಡುತ್ತದೆ. ಬಿರುಕು ಬಿಟ್ಟಿದ್ದರೆ ಅಂಚು ಬದಲಾಯಿಸಿಕೊಡುವ ರಿಪೇರಿಯವರಿದ್ದಾರೆ. ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸುವಾಗ ಕರಕರ ಅನ್ನುತ್ತದಾ? ಒಂದು ಕಡೆ ಸದ್ದು ಹೋಗಿ ಬರುತ್ತದಾ? ಕಂಟ್ರೋಲ್, ರಿಲೇ ಒಳಗೆ ಕಿಲುಬು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿಸಿ, ಇಪ್ಪತ್ತು ವರ್ಷದ ಕೆಪಾಸಿಟರ್‌ಗಳನ್ನೂ ಒಮ್ಮೆ ನೋಡಿಸಿ. ಮಳೆಗಾಲದಲ್ಲಿ ಆಂಪ್ಲಿಫೈಯರನ್ನು ತಿಂಗಳುಗಟ್ಟಲೆ ಮುಚ್ಚಿಡಬೇಡಿ. ವಾರಕ್ಕೆ ಕೆಲವು ಸಲ ಒಂದೆರಡು ಗಂಟೆ ಹಾಡು ಹಾಕಿ. ಅದರ ಬಿಸಿಯೇ ಒಳಗಿನ ತೇವ ಓಡಿಸುತ್ತದೆ.

ಕರೆಂಟಿನ ವಿಷಯವನ್ನು ಇಲ್ಲಿಯವರು ಮರೆಯುವ ಹಾಗಿಲ್ಲ. ಕಾಫಿ ಹೂವಿನ ಮಳೆ ಶುರುವಾದಾಗಿನಿಂದ ಮೇವರೆಗೆ, ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಡಿಶ್ ವೈರು, ಇಂಟರ್ನೆಟ್ ವೈರು ಕೂಡ ಆಂಪ್ಲಿಫೈಯರಿಗೆ ಸೇರಿದ್ದರೆ ಅದನ್ನೂ ತೆಗೆಯಿರಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಸ್ಪೀಕರಿನಲ್ಲಿ ಹಮ್ಮ್ ಅಂತ ಸಣ್ಣ ಸದ್ದು ಸದಾ ಇದ್ದರೆ ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಅರ್ಥ್ ಗುಂಡಿ ಎಂದೋ ಸತ್ತಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಹಮ್ ನಿಂತರೆ ಅದು ಗ್ರೌಂಡ್ ಲೂಪ್, ಬ್ಯಾಟರಿಯಲ್ಲೇ ಓಡಿಸಿ. ಇನ್ವರ್ಟರ್ ಅಗ್ಗದ ಸ್ಕ್ವೇರ್ ವೇವ್ ಆದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಸ್ಪೀಕರಿಗೂ ಅದು ಬರುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿಸಿ. ಡ್ಯಾಕ್‌ಗೆ ಇಟ್ಟ ದುಡ್ಡಿನಲ್ಲಿ ಇದೂ ಆಗುತ್ತದೆ, ಒಂದು ಸ್ಟೆಬಿಲೈಸರ್ ಕೂಡ ಬರುತ್ತದೆ. ಇನ್ನೂ ಉಳಿದರೆ ಸ್ಪೀಕರ್ ಬದಲಾಯಿಸುವ ಯೋಚನೆ ಮಾಡಿ, ಅದೂ ನಿಮ್ಮ ಹಾಲ್‌ಗೆ ತಂದು ಕೇಳಿದ ಮೇಲೆ.

ಕೊನೆಗೆ ಕ್ಯಾಸೆಟ್. ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ನಿಂತದ್ದು ಇಲ್ಲಿ. ಹಾರ್ಡ್‌ಡಿಸ್ಕ್‌ನಲ್ಲಿರುವ ಹಾಡುಗಳು ಕಳೆದರೆ ಇನ್ನೊಂದು ಕಡೆ ಸಿಗುತ್ತವೆ. ದುಡಿ ಬಡಿದು ಹಾಡಿದ ಆ ಹಿರಿಯರ ಸ್ವರ ಆ ಟೇಪಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಹೈ-ರೆಸ್ ನಿಜವಾಗಿ ಬೇಕಾಗಿರುವುದು ಇದಕ್ಕೆ. ಕೇಳುವಾಗ 16 ಬಿಟ್ ಸಾಕು, ರೆಕಾರ್ಡ್ ಮಾಡುವಾಗ 24 ಬೇಕು. ಕಾರಣ ಸರಳ. ರೆಕಾರ್ಡಿಂಗ್‌ನಲ್ಲಿ ಮುಂದಿನ ಕ್ಷಣ ಸದ್ದು ಎಷ್ಟು ಜೋರು ಬರುತ್ತದೆ ಅಂತ ಗೊತ್ತಿರುವುದಿಲ್ಲ. ಅದಕ್ಕೆ ಮೇಲೆ ಜಾಗ ಬಿಡಬೇಕು. ಮೈನಸ್ 12 ಡೆಸಿಬೆಲ್ ಹತ್ತಿರ ತುದಿ ಬರುವ ಹಾಗೆ ಇಟ್ಟರೆ ಎರಡು ಬಿಟ್ ಬಿಟ್ಟಂತಾಯಿತು. 24ರಲ್ಲಿ ಇನ್ನೂ 22 ಉಳಿಯುತ್ತದೆ, ಏನೂ ನಷ್ಟ ಇಲ್ಲ.

192 ಬೇಡ. ಕ್ಯಾಸೆಟ್‌ನಲ್ಲಿ 15 ಕಿಲೋಹರ್ಟ್ಜ್ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿರುವುದಿಲ್ಲ. ಧ್ವನಿ ದಾಖಲೆಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ, ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್ ಇರಲಿ, ಆದರೆ 96 ಒಳ್ಳೆಯದು ಅನ್ನುತ್ತದೆ. ನೀವು 24/96 ಮಾಡಿಸಿ. 90 ನಿಮಿಷದ ಕ್ಯಾಸೆಟ್‌ಗೆ ಮೂರು ಜಿ.ಬಿ., ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ.

ಅದಕ್ಕಿಂತ ಮುಖ್ಯ ಟೇಪ್ ಮತ್ತು ಡೆಕ್ (ಕ್ಯಾಸೆಟ್ ಓಡಿಸುವ ಯಂತ್ರ). ಕ್ಯಾಸೆಟ್‌ನ ಕಿಂಡಿಯಿಂದ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಹಾಗೇ ಹಾಕಬೇಡಿ. ಡೆಕ್ಕಿನ ಹೆಡ್ ಕೊಳೆಯಾಗುತ್ತದೆ, ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ, ಟೇಪು ಅಂಟಿಕೊಂಡು ಹರಿಯಲೂಬಹುದು. ಅಂಥವನ್ನು ಬೇರೆ ಇಟ್ಟು, ಟೇಪ್ ಕೆಲಸ ಬಲ್ಲವರಿಂದ ಸ್ವಚ್ಛ ಮಾಡಿಸಿ. ಉಳಿದವನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಕೆಲವು ವಾರ ಇಡಿ. ಈ ಕೆಲಸಕ್ಕೆ ಜನವರಿ, ಫೆಬ್ರವರಿಯ ಒಣ ಹವೆ ಒಳ್ಳೆಯದು. ಹಾಕುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಒಳಗಿನ ಪುಟ್ಟ ಒತ್ತು ಪ್ಯಾಡ್ ಬಿದ್ದಿದ್ದರೆ ಸದ್ದು ಮಂಕಾಗುತ್ತದೆ, ಬೇರೆ ಕ್ಯಾಸೆಟ್‌ನ ಕವಚಕ್ಕೆ ಟೇಪು ಬದಲಾಯಿಸಬಹುದು. ಡೆಕ್ಕಿನ ಹೆಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೆಡ್ ಪಕ್ಕದ ಸಣ್ಣ ಸ್ಕ್ರೂ ಅನ್ನು ಪ್ರತಿ ಕ್ಯಾಸೆಟ್‌ಗೂ ಕಿಂಚಿತ್ ತಿರುಗಿಸಿ, ತಾಳದ ಸದ್ದು ಎಲ್ಲಿ ಹೆಚ್ಚು ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಇದಕ್ಕೆ ಅಜಿಮತ್ ಅನ್ನುತ್ತಾರೆ. ಎಷ್ಟೋ ಕಡೆ ದುಡ್ಡು ತಗೊಂಡು ಕ್ಯಾಸೆಟ್‌ನಿಂದ ಫೈಲು ಮಾಡಿಕೊಡುವವರು ಇದನ್ನು ಮಾಡುವುದೇ ಇಲ್ಲ. 192ರಲ್ಲಿ ಮಾಡಿಕೊಡುತ್ತೇವೆ ಅನ್ನುವವರಿಗಿಂತ ಅಜಿಮತ್ ಸರಿ ಮಾಡುತ್ತೇವೆ ಅನ್ನುವವರಿಗೆ ಕೊಡಿ. ಡಾಲ್ಬಿ (ಟೇಪಿನ ಹಿಸ್ ತಗ್ಗಿಸುವ ಪದ್ಧತಿ) ಅಂತ ಗುರುತಿಲ್ಲದ ಕ್ಯಾಸೆಟ್‌ಗೆ ಡಾಲ್ಬಿ ಸ್ವಿಚ್ ಹಾಕಬಾರದು.

ಮೊದಲ ಪ್ರತಿಯಲ್ಲಿ ಹಿಸ್, ಅಂದರೆ ಟೇಪಿನ ಸುಯ್ ಸದ್ದು, ತೆಗೆಸಬೇಡಿ. ಅದು ಇದ್ದ ಹಾಗೇ ಇರಲಿ. ಬೇಕಿದ್ದರೆ ಇನ್ನೊಂದು ಪ್ರತಿ ಮಾಡಿಕೊಂಡು ಅದರಲ್ಲಿ ಶುದ್ಧ ಮಾಡಿ, ಮನೆಯವರಿಗೆಲ್ಲ ಹಂಚಿ. ಪ್ರತಿ ಫೈಲಿನ ಜೊತೆ ಒಂದು ಟಿಪ್ಪಣಿ ಇಡಿ. ಹಾಡಿದವರು ಯಾರು, ಯಾವ ಒಕ್ಕ (ಮನೆತನ), ಯಾವ ಊರು, ಮದುವೆಯೋ ಪುತ್ತರಿಯೋ (ಸುಗ್ಗಿ ಹಬ್ಬವೋ), ಯಾವ ವರ್ಷ. ಗೊತ್ತಿರುವ ಹಿರಿಯರು ಇರುವಾಗಲೇ ಕೂತು ಬರೆಸಿಕೊಳ್ಳಿ. ಡಿಸ್ಕ್ ಎರಡು ಮಾಡಿ, ಒಂದು ನಿಮ್ಮಲ್ಲಿ, ಇನ್ನೊಂದು ಬೆಟ್ಟದ ಕೆಳಗೆ, ಮೈಸೂರೋ ಬೆಂಗಳೂರೋ, ಒಣ ಊರಿನಲ್ಲಿರುವ ಯಾರ ಮನೆಯಲ್ಲಾದರೂ ಇರಲಿ.

ಈ ಪುತ್ತರಿಗೆ ನಿಮ್ಮ ಮಂದ್‌ನಲ್ಲೇ (ಊರವರು ಸೇರುವ ಬಯಲಿನಲ್ಲೇ) ಹೊಸದಾಗಿ ರೆಕಾರ್ಡ್ ಮಾಡುವ ಆಸೆ ಬಂದರೆ ಫೋನು ಬಿಟ್ಟು ಒಂದು ಕೈ ರೆಕಾರ್ಡರ್ ಕೊಳ್ಳಿ, 24/48 ಸಾಕು. ಕೊಂಬು ಊದುವಾಗ ಮೀಟರ್ ಎಲ್ಲಿಗೆ ಹಾರುತ್ತದೆ ಅಂತ ಮೊದಲೇ ಒಂದು ಸಲ ನೋಡಿಕೊಂಡು, ಅದಕ್ಕೆ ಸರಿಯಾಗಿ ಮಟ್ಟ ಇಳಿಸಿಡಿ. ಮೈಕಿಗೆ ಗಾಳಿ ತಡೆಯುವ ಫೋಮ್ ಟೋಪಿ ಹಾಕಿ. ವಾಲಗದವರ ಎದುರು ನಿಲ್ಲದೆ ಸ್ವಲ್ಪ ದೂರದಲ್ಲಿ, ದುಡಿಯವರಿಗೆ ಹತ್ತಿರ ನಿಲ್ಲಿ.